ಸುಟ್ಟ ಕ್ಯಾಸಿನೊ, ನಾಲ್ಕು ಸ್ವರ, ಮತ್ತು ನಿಮ್ಮ ಮಗನ ಗಿಟಾರ್

ಪತ್ರ: ಮಗನಿಗೆ ಗಿಟಾರ್ ಕೊಡಿಸಿದಾಗಿನಿಂದ ಬೆಳಗ್ಗೆ ಸಂಜೆ ಅದೇ ಡಂ ಡಂ ಡಂ. ಕೇಳಿದರೆ 'ಸ್ಮೋಕ್ ಆನ್ ದ ವಾಟರ್' ಅಂತಾನೆ. ನಾನೂ ಜೂನಿಯರ್ ತನಕ ಸಂಗೀತ ಕಲಿತವಳು, ನನಗಂತೂ ಅದರಲ್ಲಿ ಏನೂ ಕಾಣಿಸಲಿಲ್ಲ. ನಿಜವಾಗಿ ನಡೆದ ಬೆಂಕಿ ಅನಾಹುತದ ಹಾಡಂತೆ, ಹೌದಾ? ಅವನ ಗೆಳೆಯ ಮಾತ್ರ ಅದು ಕದ್ದ ಟ್ಯೂನ್ ಅನ್ನುತ್ತಾನೆ. — ಹಾಸನದ ಓದುಗರು

ಉತ್ತರ: ಬೆಂಕಿ ನಿಜ, ಮೇಡಂ. 1971ರ ಡಿಸೆಂಬರ್ 4. ಜಿನೀವಾ ಸರೋವರದ ದಂಡೆಯ ಮಾಂಟ್ರೂ ಅನ್ನೋ ಸ್ವಿಸ್ ಊರು. ಈ ಹಾಡು ಕಟ್ಟಿದ ಇಂಗ್ಲೆಂಡಿನ ಡೀಪ್ ಪರ್ಪಲ್ ಅನ್ನೋ ರಾಕ್ ತಂಡದವರು ಹೊಸ ಆಲ್ಬಂ ಮಾಡೋಕೆ ಅಲ್ಲಿಗೆ ಬಂದಿದ್ದರು. ಚಳಿಗಾಲಕ್ಕೆ ಅಲ್ಲಿನ ಕ್ಯಾಸಿನೊ ಮುಚ್ಚುತ್ತದೆ, ಖಾಲಿ ಬಿದ್ದ ಜಾಗದಲ್ಲಿ ಆರಾಮಾಗಿ ರೆಕಾರ್ಡಿಂಗ್ ಮಾಡಬಹುದು ಅನ್ನೋದು ಅವರ ಲೆಕ್ಕ. ಅದಕ್ಕಂತಲೇ ರೋಲಿಂಗ್ ಸ್ಟೋನ್ಸ್ ತಂಡದ ಸ್ಟುಡಿಯೊ ಲಾರಿಯನ್ನೂ ಬಾಡಿಗೆಗೆ ತಂದಿದ್ದರು. ಮುಚ್ಚುವ ಮುಂಚೆ ಒಂದೇ ಒಂದು ಕಾರ್ಯಕ್ರಮ ಬಾಕಿ ಇತ್ತು, ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾ ಅವರದ್ದು. ಕಾರ್ಯಕ್ರಮದ ಮಧ್ಯೆ ಯಾರೋ ಪುಣ್ಯಾತ್ಮ ಫ್ಲೇರ್ ಗನ್ (ಉರಿಯುವ ಸಿಗ್ನಲ್ ಹಾರಿಸುವ ಪಿಸ್ತೂಲು) ತೆಗೆದು ಚಾವಣಿಗೆ ಹಾರಿಸಿದ. ಅಷ್ಟೇ, ಕ್ಯಾಸಿನೊ ಪೂರ್ತಿ ಸುಟ್ಟು ಹೋಯಿತು. ಯಾರ ಪ್ರಾಣವೂ ಹೋಗಲಿಲ್ಲ, ಆದರೆ ಜಪ್ಪಾ ತಂಡದ ವಾದ್ಯಗಳೆಲ್ಲ ಬೂದಿಯಾದವು. ಮಾಂಟ್ರೂ ಜಾಝ್ ಉತ್ಸವ ಹುಟ್ಟುಹಾಕಿದ ಕ್ಲಾಡ್ ನಾಬ್ಸ್ ಒಳಗಿದ್ದ ಹುಡುಗರನ್ನು ಹೊರಗೆ ಎಳೆದು ತಂದರು. ಹಾಡಿನಲ್ಲಿ ಬರುವ 'ಫಂಕಿ ಕ್ಲಾಡ್' ಇವರೇ.

ಡೀಪ್ ಪರ್ಪಲ್‌ನವರು ಹೋಟೆಲಿನಿಂದ ನೋಡುತ್ತಿದ್ದಾಗ ಹೊಗೆ ಸರೋವರದ ಮೇಲೆ ಹಾಸಿಕೊಂಡಿತ್ತು. ಕೆಲವು ದಿನದ ನಂತರ ಬಾಸ್ ಗಿಟಾರಿನ ರೋಜರ್ ಗ್ಲೋವರ್ ನಿದ್ದೆಯಿಂದ ಏಳುವಾಗ ಬಾಯಿಗೆ ಬಂದ ಮಾತೇ ಹಾಡಿನ ಹೆಸರಾಯಿತು, 'ನೀರಿನ ಮೇಲೆ ಹೊಗೆ' ಅಂತ.

ಈಗ ರೆಕಾರ್ಡಿಂಗ್ ಕಥೆ ಕೇಳಿ, ನನಗೆ ಬೆಂಕಿಗಿಂತ ಇದೇ ಇಷ್ಟ. ಜಾಗ ಹೋಯಿತಲ್ಲ, ನಾಬ್ಸ್ ಊರೊಳಗೆ ಪೆವಿಲಿಯನ್ ಅನ್ನೋ ಥಿಯೇಟರ್ ಕೊಡಿಸಿದರು. ರಾತ್ರಿ ಹೊತ್ತು ಇವರು ಈ ಟ್ಯೂನ್ ಶುರು ಹಚ್ಚಿಕೊಂಡರು. ಅಕ್ಕಪಕ್ಕದವರ ನಿದ್ದೆ ಕೆಟ್ಟು ಪೊಲೀಸರು ಬಂದರು. ತಂಡದ ಕೆಲಸದ ಹುಡುಗರು ಒಳಗಿನಿಂದ ಬಾಗಿಲು ಒತ್ತಿ ಹಿಡಿದುಕೊಂಡರಂತೆ, ಹೊರಗೆ ಪೊಲೀಸರು ಬಡಿಯುತ್ತಿದ್ದಾರೆ, ಒಳಗೆ ಟೇಕ್ ಮುಗಿಯುತ್ತಿದೆ! ಆಮೇಲೆ ಅಲ್ಲಿಂದಲೂ ಎತ್ತಂಗಡಿ. ಉಳಿದ ಆಲ್ಬಂ ಆಗಿದ್ದು ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ. ಸದ್ದು ಅಡಗಿಸೋಕೆ ಹಾಸಿಗೆಗಳನ್ನೇ ಗೋಡೆಗೆ ಒರಗಿಸಿದ್ದರು. ನುಡಿಸಿದ್ದನ್ನು ಕೇಳಬೇಕು ಅಂದರೆ ರೂಮು, ಬಾಲ್ಕನಿ ದಾಟಿಕೊಂಡು ಕೆಳಗಿನ ಲಾರಿಗೆ ಹೋಗಬೇಕಿತ್ತು, ಕೊನೆಗೆ ಸಾಕಾಗಿ ಕೇಳೋದನ್ನೇ ಬಿಟ್ಟರಂತೆ. ಇಯಾನ್ ಗಿಲನ್ ಹಾಡುವ ಸಾಹಿತ್ಯದಲ್ಲಿ ಇರೋದೂ ಇಷ್ಟೇ. ಎಲ್ಲಿಗೆ ಬಂದೆವು, ಯಾಕೆ ಬಂದೆವು, ಏನು ಸುಟ್ಟಿತು, ಎಲ್ಲಿ ಮಲಗಿದೆವು. ಪ್ರೀತಿ ಇಲ್ಲ, ವಿರಹ ಇಲ್ಲ, ತತ್ವ ಮೊದಲೇ ಇಲ್ಲ. ನಮ್ಮ ವರದಿಗಾರರು ಇಷ್ಟು ಚೊಕ್ಕವಾಗಿ ಬರೆದು ಕಳಿಸಿದರೆ ನಾನು ಕತ್ತರಿ ಮುಟ್ಟುವುದಿಲ್ಲ. ಈ ಹಾಡು ಹಳಸದೆ ಉಳಿದಿರೋದಕ್ಕೆ ಅರ್ಧ ಕಾರಣ ಇದೇ ಅನ್ನೋದು ನನ್ನ ಅಭಿಪ್ರಾಯ.

ಇನ್ನರ್ಧ ನಿಮ್ಮ ಕಿವಿ ತಿನ್ನುತ್ತಿರುವ ಆ ಡಂ ಡಂ ಡಂ. ನೀವು ಸಂಗೀತ ಕಲಿತವರು, ಹೀಗೆ ಹೇಳಿ ನೋಡಿ: ಸ ಗ ಮ, ಸ ಗ ಮ ಮ, ಸ ಗ ಮ, ಗ ಸ. ಇಲ್ಲಿ ಗ ಅಂದರೆ ಸಾಧಾರಣ ಗಾಂಧಾರ. ಎರಡನೇ ಸಲ ಒಟ್ಟಿಗೆ ಬರುವ ಎರಡು 'ಮ'ಗಳಲ್ಲಿ ಮೊದಲನೆಯದು ಪ್ರತಿ ಮಧ್ಯಮ (ಸ್ವಲ್ಪ ಏರಿದ ಮ), ಅದು ತಟಕ್ಕನೆ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಇರುವ ಮಜಾ ಎಲ್ಲ ಆ ಇಳಿತದಲ್ಲಿದೆ. ನಾಲ್ಕೇ ಸ್ವರ. ಆದರೆ ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಬರೀ ಸ ನುಡಿಸಲ್ಲ, ಜೊತೆಗೆ ಕೆಳಗಿನ ಪ ಕೂಡ ಇರುತ್ತದೆ, ಉಳಿದ ಸ್ವರಗಳಿಗೂ ಹಾಗೇ ಕೆಳಗೊಂದು ಜೋಡಿ. ಅದನ್ನೂ ತಂತಿ ಮೀಟುವ ಬಿಲ್ಲೆಯಾದ ಪಿಕ್‌ನಲ್ಲಿ ಹೊಡೆಯದೆ ಎರಡೂ ತಂತಿಯನ್ನು ಬೆರಳಲ್ಲಿ ಒಟ್ಟಿಗೆ ಮೀಟುತ್ತಾರೆ. ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಅದನ್ನೇ ಹ್ಯಾಮಂಡ್ ಆರ್ಗನ್‌ನಲ್ಲಿ, ಗಿಟಾರಿನ ಆಂಪ್ಲಿಫೈಯರ್ ಹಾಕಿ ಕರ್ಕಶ ಮಾಡಿಕೊಂಡು ನುಡಿಸುತ್ತಾರೆ. ಬಹಳ ಜನ ಎಲ್ಲಾ ಗಿಟಾರೇ ಅಂದುಕೊಂಡಿದ್ದಾರೆ. ಹುಡುಗರು ಮನೆಯಲ್ಲಿ ನುಡಿಸಿದಾಗ ಸಪ್ಪೆ ಅನ್ನಿಸೋದು ಇದಕ್ಕೇ.

ಕದ್ದದ್ದಾ? ಬ್ರೆಜಿಲ್‌ನ ಆಸ್ಟ್ರುಡ್ ಜಿಲ್ಬರ್ಟೊ 60ರ ದಶಕದಲ್ಲಿ ಹಾಡಿದ ಒಂದು ಹಾಡಿನ ಆರಂಭ ಇದನ್ನು ಹೋಲುತ್ತದೆ, ಗೆಳೆಯ ಕೇಳಿರೋದು ಬಹುಶಃ ಅದನ್ನೇ. ಬ್ಲ್ಯಾಕ್‌ಮೋರ್ ಅವರನ್ನು ಕೇಳಿದರೆ ಬೀಥೋವನ್‌ನ ಐದನೇ ಸಿಂಫನಿಯನ್ನು ತಿರುಗಿಸಿ ಹಾಕಿದೆ ಅಂದಿದ್ದೂ ಉಂಟು, ತಮಾಷೆಗೋ ನಿಜಕ್ಕೋ. ಬ್ಲೂಸ್‌ನ ನಾಲ್ಕು ಸ್ವರ ಯಾರ ಅಪ್ಪನ ಆಸ್ತಿಯೂ ಅಲ್ಲ. ಕೋಪ ಮಾಡಿಕೊಳ್ಳಬೇಡಿ, ನನಗಂತೂ ಇದು ಕಳ್ಳತನ ಅನ್ನಿಸುವುದಿಲ್ಲ.

ವಿಚಿತ್ರ ಅಂದರೆ ತಂಡದವರಿಗೇ ಇದರ ಮೇಲೆ ಅಂಥ ನಂಬಿಕೆ ಇರಲಿಲ್ಲ. 1972ರ 'ಮೆಷೀನ್ ಹೆಡ್' ಆಲ್ಬಮ್ಮಿನಿಂದ ಮೊದಲು ಸಿಂಗಲ್ (ಬಿಡಿ ಹಾಡು) ಆಗಿ ಬಿಟ್ಟದ್ದು ಬೇರೆ ಹಾಡು, ಅದು ಅಷ್ಟಕ್ಕಷ್ಟೇ ಓಡಿತು. ಇದು ಸಿಂಗಲ್ ಆಗಿ ಹೊರಬಂದದ್ದು 1973ರಲ್ಲಿ, ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. 1988ರಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದ ಮೇಲೆ ಪರಿಹಾರಕ್ಕೆ ಹಣ ಕೂಡಿಸಲು ಬೇರೆ ಬೇರೆ ರಾಕ್ ತಂಡಗಳ ಗಿಟಾರ್ ವಾದಕರಾದ ಬ್ರಯನ್ ಮೇ, ಡೇವಿಡ್ ಗಿಲ್ಮರ್, ಟೋನಿ ಐಯೋಮಿ ಎಲ್ಲ ಸೇರಿ ಇದನ್ನೇ ಮತ್ತೆ ರೆಕಾರ್ಡ್ ಮಾಡಿದರು. ಮಾಂಟ್ರೂ ಊರಿನವರೂ ಕಡಿಮೆಯಿಲ್ಲ. ಸರೋವರದ ದಂಡೆಯಲ್ಲಿ ಈ ಹಾಡಿಗೊಂದು ಶಿಲ್ಪ ನಿಲ್ಲಿಸಿ, ಅದರಲ್ಲಿ ಆ ಸ್ವರಗಳನ್ನೂ ಬರೆಸಿದ್ದಾರೆ.

ಮಗನಿಗೆ 1972ರ ಆಗಸ್ಟಿನಲ್ಲಿ ಒಸಾಕಾದಲ್ಲಿ ನುಡಿಸಿದ್ದನ್ನು ಕೇಳಿಸಿ, 'ಮೇಡ್ ಇನ್ ಜಪಾನ್' ಆಲ್ಬಮ್ಮಿನಲ್ಲಿದೆ. ಆಮೇಲೆ ಪಿಕ್ ಕಿತ್ತುಕೊಂಡು ಬೆರಳಲ್ಲಿ ನುಡಿಸು ಅನ್ನಿ. ಒಂದೆರಡು ವಾರ ಸುಮ್ನೆ ತಡೆದುಕೊಳ್ಳಿ.