ನಾಲ್ಕು ಚಕ್ಕೆ ಕಲ್ಲಿಗೆ ಇಷ್ಟು ರಗಳೆ ಯಾಕೆ?

ಈ ಪತ್ರ ಮೆಲ್ಬರ್ನ್‌ನಿಂದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದ ಇದೆ, ಸಿಟ್ಟೂ ಇದೆ. ಸಾರ ಇಷ್ಟು: ಇವರು, ಇಬ್ಬರು ಗೆಳೆಯರು ಸೇರಿ ಊರಿನ ಪಶ್ಚಿಮಕ್ಕೆ, ಒಂದು ತೊರೆಯ ಪಕ್ಕ ಜಾಗ ತಗೊಂಡರು. ನಾಲ್ಕು ಸೈಟು ಮಾಡಿ ಮನೆ ಕಟ್ಟುವ ಯೋಚನೆ. ಕೌನ್ಸಿಲ್ ಪರ್ಮಿಟ್ ಕೊಡಲಿಲ್ಲ. ಮೊದಲು ಅಬೊರಿಜಿನಲ್ ಪರಂಪರೆಯ ಯೋಜನೆ, ಅಂದರೆ ಅಲ್ಲಿಯ ಮೂಲ ಜನರ ಹಳೆಯ ಕುರುಹು ನೆಲದಲ್ಲಿ ಇದೆಯಾ, ಇದ್ದರೆ ಏನು ಮಾಡಬೇಕು ಅನ್ನುವ ವರದಿ, ಮಾಡಿಸಿಕೊಂಡು ಬನ್ನಿ ಅಂದಿತು. ಪುರಾತತ್ವದ ಕನ್ಸಲ್ಟೆಂಟ್ ಬಂದು ಗುಂಡಿ ತೋಡಿದರು, ಮಣ್ಣನ್ನು ಜರಡಿ ಹಿಡಿದರು, ಸಿಕ್ಕಿದ್ದು ಒಂದು ಹಿಡಿ ಕಲ್ಲಿನ ಚಕ್ಕೆ. ತಿಂಗಳುಗಟ್ಟಲೆ ತಡ, ಮೇಲೆ ದೊಡ್ಡ ಬಿಲ್ಲು. 'ಹಳೆಯ ಅವಶೇಷ ಕಾಪಾಡುವುದನ್ನು ಆಸ್ಟ್ರೇಲಿಯಾದವರನ್ನು ನೋಡಿ ಕಲಿಯಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಇಲ್ಲಿ ಬಂದು ದುಡ್ಡು ಕಟ್ಟಿ ನೋಡಿ. ಇದೆಲ್ಲ ಬರೀ ಬಿಸಿನೆಸ್ಸು. ನಮ್ಮೂರಲ್ಲಿ ಹೀಗೆ ಮಾಡಿದರೆ ಒಂದು ರಸ್ತೆಯೂ ಆಗಲ್ಲ' ಎಂದು ಮುಗಿಸಿದ್ದಾರೆ.

ಸ್ವಾಮಿ, ಬೈಗುಳ ತಲುಪಿತು. ಅದರಲ್ಲಿ ಅರ್ಧ ನಮಗೆ ಸಲ್ಲಬೇಕಾದ್ದೇ. ಅಲ್ಲಿ ಎಲ್ಲವನ್ನೂ ಕಾಪಾಡಿಬಿಡುತ್ತಾರೆ ಅನ್ನೋ ಧಾಟಿಯಲ್ಲಿ ಬರೆದೆವು, ಅದು ತಪ್ಪು. ಎಷ್ಟು ತಪ್ಪು ಅಂತ ಮುಂದೆ ಹೇಳುತ್ತೇನೆ. ಉಳಿದರ್ಧಕ್ಕೆ ಮಾತ್ರ ನನ್ನ ತಕರಾರಿದೆ.

ಮೊದಲು ನಿಮ್ಮ ಜಾಗದ ವಿಷಯ. ವಿಕ್ಟೋರಿಯಾ ರಾಜ್ಯದಲ್ಲಿ 2006ರ ಅಬೊರಿಜಿನಲ್ ಹೆರಿಟೇಜ್ ಕಾಯ್ದೆ ಇದೆ, ಅದರ ಕೆಳಗೆ 2018ರ ನಿಯಮಗಳಿವೆ. ಎರಡು ಸಂಗತಿ ಒಟ್ಟಿಗೆ ಸೇರಿದರೆ ಮಾತ್ರ ಈ ಯೋಜನೆ ಕಡ್ಡಾಯ. ಒಂದು, ಜಾಗ ಸೂಕ್ಷ್ಮ ಪ್ರದೇಶದಲ್ಲಿರಬೇಕು, ಅಂದರೆ ಹೆಸರಿರುವ ಹೊಳೆ ತೊರೆಯಿಂದ 200 ಮೀಟರ್ ಒಳಗೆ, ಅಥವಾ ಅಂಥ ಬೇರೆ ಕಡೆ. ಇನ್ನೊಂದು, ಕೆಲಸ ದೊಡ್ಡದಿರಬೇಕು, ಮನೆಗಳಿಗಾಗಿ ಮೂರು ಅಥವಾ ಜಾಸ್ತಿ ಸೈಟು ಮಾಡುವ ಹಾಗೆ. ನೀವೊಬ್ಬರೇ ಒಂದು ಮನೆ ಕಟ್ಟಿಕೊಂಡಿದ್ದರೆ ಯಾರೂ ಗುಂಡಿ ತೋಡುತ್ತಿರಲಿಲ್ಲ. ನಾಲ್ಕು ಸೈಟು, ಪಕ್ಕದಲ್ಲೇ ತೊರೆ, ಸಿಕ್ಕಿಬಿದ್ದಿರಿ. ಜಾಗ ಪೂರ್ತಿ ಹಿಂದೆಯೇ ಯಂತ್ರದಿಂದ ಅಗೆದು ಕಲಕಿದ್ದು ಅಂತ ತೋರಿಸಿದರೂ ಬಿಡುಗಡೆ ಇದೆ. ಸೂಕ್ಷ್ಮ ಪ್ರದೇಶಗಳ ನಕ್ಷೆ ಯಾರು ಬೇಕಾದರೂ ನೋಡಬಹುದು, ಕೊಳ್ಳುವ ಮುಂಚೆ ನೋಡಿದ್ದರೆ ಈ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಬಹುದಿತ್ತು. ಇದು ಗಾಯದ ಮೇಲೆ ಉಪ್ಪು ಅಂತ ಗೊತ್ತು, ಆದರೆ ಜಾಗ ಹುಡುಕುತ್ತಿರುವ ಬೇರೆ ಓದುಗರೂ ಇದ್ದಾರಲ್ವಾ.

ಈಗ ಆ ಚಕ್ಕೆ. ತಾನಾಗಿ ಒಡೆದ ಕಲ್ಲಿಗೂ ಮನುಷ್ಯ ಒಡೆದ ಕಲ್ಲಿಗೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು ಕಲ್ಲಿನಿಂದ ಏಟು ಕೊಟ್ಟು ಎಬ್ಬಿಸಿದ ಚಕ್ಕೆಯಲ್ಲಿ ಏಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ, ಅಲ್ಲಿಂದ ನೀರಿನ ಅಲೆಯ ಹಾಗೆ ಗೆರೆ ಹರಡಿರುತ್ತದೆ. ಅಂಚಿಗೆ ಬೆರಳು ತಾಗಿಸಿ ನೋಡಿ, ಇವತ್ತಿಗೂ ಕೊಯ್ಯುತ್ತದೆ. ಒಂದು ಚಕ್ಕೆಯಿಂದ ಏನೂ ಗೊತ್ತಾಗಲ್ಲ, ಒಪ್ಪುತ್ತೇನೆ. ಎಷ್ಟು ಆಳದಲ್ಲಿ ಸಿಕ್ಕಿತು, ಪಕ್ಕದಲ್ಲಿ ಇದ್ದಿಲು ಇತ್ತಾ, ಕಲ್ಲು ಆ ಊರಿನದ್ದಾ ಹೊರಗಿನದ್ದಾ, ಇದೆಲ್ಲ ಸೇರಿದಾಗ ಮಾತಾಡುತ್ತದೆ. ಮೆಲ್ಬರ್ನ್‌ಗೆ ಉತ್ತರದಲ್ಲಿ ಮೌಂಟ್ ವಿಲಿಯಂ ಅಂತ ಗುಡ್ಡ ಇದೆ. ಅಲ್ಲಿಯ ಹಸಿರು ಕಲ್ಲಿನ ಕೊಡಲಿಗಳು ನೂರಾರು ಕಿಲೋಮೀಟರ್ ದೂರಕ್ಕೆ ಕೈಯಿಂದ ಕೈಗೆ ಹೋಗಿದ್ದವು. ಕಲ್ಲು ಎಲ್ಲಿಯದು ಅಂತ ಗುರುತಿಸಿ, ಸಿಕ್ಕ ಜಾಗ ಬರೆದಿಟ್ಟಿದ್ದರಿಂದ ತಾನೇ ಇದು ತಿಳಿದದ್ದು? ನಿಮ್ಮ ಕಡೆಯ ಕೀಲರ್‌ನಲ್ಲೇ 1940ರಲ್ಲಿ ಮಣ್ಣು ತೆಗೆಯುವಾಗ ಸಾವಿರಾರು ವರ್ಷ ಹಳೆಯ ತಲೆಬುರುಡೆ ಸಿಕ್ಕಿತ್ತು. ಆಗ ಜರಡಿ ಹಿಡಿಯುವ ಕನ್ಸಲ್ಟೆಂಟ್ ಯಾರೂ ಇರಲಿಲ್ಲ. ಸಿಕ್ಕಿದ್ದು ಆಕಸ್ಮಿಕ.

ಬಿಸಿನೆಸ್ಸು ಅಂದಿರಿ. ಹೌದು, ಬಿಸಿನೆಸ್ಸೇ. ನೀವು ಸಂಬಳ ಕೊಡುವ ಪುರಾತತ್ವಜ್ಞ ನಿಮ್ಮ ಜಾಗದ ಬಗ್ಗೆ ವರದಿ ಬರೆಯುತ್ತಾನೆ. ಮುಂದಿನ ಕೆಲಸವೂ ನಿಮ್ಮಂಥ ಇನ್ನೊಬ್ಬರಿಂದಲೇ ಬರಬೇಕು. ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಇದು, ಆ ಕಸುಬಿನಲ್ಲಿರುವವರಿಗೂ ಗೊತ್ತಿರುವುದೇ. ಆದರೆ ಇದರಿಂದ ನಷ್ಟ ಆಗುವುದು ದುಡ್ಡು ಕೊಡುವವರಿಗೆ ಅಂತ ನೀವು ತಿಳಿದಿದ್ದೀರಿ. ನನಗೆ ಹಾಗೆ ಅನ್ನಿಸಲ್ಲ. ವಿಕ್ಟೋರಿಯಾದಲ್ಲಿ ಒಂದು ಒಳ್ಳೆಯ ತಿರುವು ಇದೆ: ವರದಿ ಬರೆಯುವವರು ನಿಮ್ಮವರು, ಒಪ್ಪುವುದೋ ಬಿಡುವುದೋ ಅನ್ನುವುದು ಮಾತ್ರ ಆ ನೆಲದ ಮೂಲ ಜನರ ನೋಂದಾಯಿತ ಸಂಸ್ಥೆಯ ಕೈಯಲ್ಲಿ. ಅವರಿಗೆ 30 ದಿನ ಸಮಯ. ಆ ಒಪ್ಪಿಗೆ ಇಲ್ಲದೆ ಕೌನ್ಸಿಲ್ ಪರ್ಮಿಟ್ ಕೊಡುವ ಹಾಗಿಲ್ಲ. ಇಷ್ಟಾದ ಮೇಲೂ ಬಹಳ ಕಡೆ ಮನೆ ಕಟ್ಟುವ ಕೆಲಸ ನಿಲ್ಲುವುದಿಲ್ಲ, ಚಕ್ಕೆಗಳನ್ನು ಎತ್ತಿ, ಅಳೆದು, ಬರೆದಿಟ್ಟು, ಅದೇ ನೆಲದಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಮತ್ತೆ ಹೂಳುತ್ತಾರೆ, ಮೇಲೆ ಬಡಾವಣೆ ಎದ್ದೇ ಏಳುತ್ತದೆ. ಈ ಲೆಕ್ಕದಲ್ಲಿ ಯಾರು ಜಾಸ್ತಿ ಕಳೆದುಕೊಂಡರು, ನೀವೇ ಹೇಳಿ.

ನಮ್ಮ ಲೇಖನ ಎಲ್ಲಿ ಎಡವಿತು ಅಂದರೆ ಜೂಕನ್ ಕಣಿವೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು.

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ, ಕಬ್ಬಿಣದ ಅದಿರಿನ ನಾಡು. ಈ ಜೂಕನ್ ಕಣಿವೆ ಇರುವುದು ಅಲ್ಲೇ. ಅಲ್ಲಿ ಪುಟು ಕುಂತಿ ಕುರ್ರಾಮಾ ಮತ್ತು ಪಿನಿಕುರಾ ಅನ್ನುವ ಮೂಲ ಜನರ ನೆಲದಲ್ಲಿ ಎರಡು ಕಲ್ಲಾಸರೆಗಳಿದ್ದವು, ಅಂದರೆ ಜನ ತಂಗುತ್ತಿದ್ದ ಗುಹೆಯಂಥ ಬಂಡೆಯ ಆಸರೆಗಳು. ರಿಯೊ ಟಿಂಟೊ ಗಣಿ ಕಂಪನಿ 2013ರಲ್ಲಿ ಅವುಗಳನ್ನು ಒಡೆಯಲು ರಾಜ್ಯದ 1972ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಂತ್ರಿಯ ಒಪ್ಪಿಗೆ ಪಡೆಯಿತು. 2014ರಲ್ಲಿ ಕಂಪನಿಯ ದುಡ್ಡಿನಲ್ಲೇ ಉತ್ಖನನ ಆಯಿತು. ಪುರಾತತ್ವಜ್ಞರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಏಳು ಸಾವಿರಕ್ಕೂ ಹೆಚ್ಚು ವಸ್ತು ಸಿಕ್ಕವು. ಸುಮಾರು 46,000 ವರ್ಷಗಳಿಂದ, ಹಿಮಯುಗದಲ್ಲೂ, ಅಲ್ಲಿ ಜನ ಬಂದುಹೋಗಿದ್ದರು ಅಂತ ಗೊತ್ತಾಯಿತು. ಹಲವರ ಕೂದಲು ಸೇರಿಸಿ ಹೆಣೆದ ಒಂದು ಜಡೆಯ ತುಂಡು ಸಿಕ್ಕಿತು, 4,000 ವರ್ಷ ಹಳೆಯದು. ಡಿಎನ್‌ಎ ನೋಡಿದರೆ ಈಗ ಅಲ್ಲಿರುವ ಜನರ ಹಿರೀಕರದ್ದೇ! ನಮ್ಮಲ್ಲಿ ಏಳು ತಲೆಮಾರಿನ ಹೆಸರು ಹೇಳಿದರೆ ದೊಡ್ಡ ವಂಶ ಅನ್ನುತ್ತೇವೆ.

ಇಷ್ಟೆಲ್ಲ ವರದಿಯಲ್ಲಿ ಬಂತು. ಒಪ್ಪಿಗೆ ಮಾತ್ರ 2013ರದ್ದೇ ಉಳಿಯಿತು, ಹೊಸದಾಗಿ ಏನು ಸಿಕ್ಕರೂ ಅದನ್ನು ಮತ್ತೆ ತೂಗಿ ನೋಡಲು ಆ ಕಾಯ್ದೆಯಲ್ಲಿ ದಾರಿ ಇರಲಿಲ್ಲ, ಮೇಲ್ಮನವಿ ಹಾಕುವ ಹಕ್ಕು ಗಣಿಯವರಿಗಿತ್ತೇ ಹೊರತು ಆ ಜನರಿಗಿರಲಿಲ್ಲ. 2020ರ ಮೇ 24ರಂದು ಸಿಡಿಮದ್ದು ಸಿಡಿಯಿತು. ಗಣಿ ಅಗೆಯಲು ನಾಲ್ಕು ದಾರಿಗಳನ್ನು ಕಂಪನಿ ಯೋಚಿಸಿತ್ತು, ಮೂರರಲ್ಲಿ ಕಲ್ಲಾಸರೆಗಳು ಉಳಿಯುತ್ತಿದ್ದವು, ಆರಿಸಿಕೊಂಡದ್ದು ನಾಲ್ಕನೆಯದು, ಅದರಿಂದ ಸುಮಾರು 80 ಲಕ್ಷ ಟನ್ ಅದಿರು ಹೆಚ್ಚಿಗೆ ಸಿಗುತ್ತಿತ್ತು. ಇದೆಲ್ಲ ಆಮೇಲೆ ಸಂಸತ್ತಿನ ವಿಚಾರಣೆಯಲ್ಲಿ ಹೊರಗೆ ಬಂತು. ಕಂಪನಿಯ ಮುಖ್ಯಸ್ಥ ಮತ್ತು ಇಬ್ಬರು ಹಿರಿಯ ಅಧಿಕಾರಿಗಳು ಕುರ್ಚಿ ಬಿಡಬೇಕಾಯಿತು. ಕಲ್ಲಾಸರೆ ವಾಪಸ್ ಬರಲಿಲ್ಲ.

ಅಂದರೆ ನಿಮ್ಮ ಪತ್ರದಲ್ಲಿ ಕಾಣುವ ಕನ್ಸಲ್ಟೆಂಟ್, ಎಲ್ಲರ ಕೈ ಕಟ್ಟಿಹಾಕುವ ಮನುಷ್ಯ, ಪಿಲ್ಬರಾದಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಒಳ್ಳೆಯ ವರದಿ ಬರೆದು ಸುಮ್ನೆ ನಿಂತು ನೋಡಬೇಕಾದ ಮನುಷ್ಯ. ವರದಿ ಓದಿದ ಮೇಲೆ 'ಬೇಡ' ಅನ್ನುವ ಅಧಿಕಾರ ಯಾರಿಗಿದೆ ಅನ್ನುವುದರಲ್ಲೇ ಎಲ್ಲ ಇದೆ. ಆ ರಾಜ್ಯ 2021ರಲ್ಲಿ ಹೊಸ ಕಾಯ್ದೆ ಮಾಡಿತು. 2023ರ ಜುಲೈ 1ಕ್ಕೆ ಜಾರಿಗೆ ಬಂತು, ರೈತರು ಜಮೀನುದಾರರು ಗಲಾಟೆ ಎಬ್ಬಿಸಿದರು, ಆಗಸ್ಟ್‌ನಲ್ಲೇ ಸರ್ಕಾರ ಕೈಬಿಟ್ಟಿತು. ಕೆಲವು ತಿದ್ದುಪಡಿಗಳೊಂದಿಗೆ ಅದೇ 1972ರದ್ದು ಮರಳಿತು. ನಿಮ್ಮ ಹಾಗೇ ಅಲ್ಲಿಯವರೂ ಬಿಲ್ಲು ನೋಡಿ ಸಿಟ್ಟಾದರು.

ಬಿಳಿಯರು ಬಂದ ಮೇಲಿನ ಅವಶೇಷಗಳಿಗೆ ವಿಕ್ಟೋರಿಯಾದಲ್ಲಿ ಬೇರೆಯೇ ಕಾಯ್ದೆ, 2017ರದ್ದು. 75 ವರ್ಷ ದಾಟಿದ್ದರೆ ಅದಕ್ಕೂ ರಕ್ಷಣೆ. ಮೆಟ್ರೊ ಸುರಂಗಕ್ಕೆ ಮೆಲ್ಬರ್ನ್‌ನ ಸ್ವಾನ್‌ಸ್ಟನ್ ರಸ್ತೆಯಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಹುಳುಕು ಹಲ್ಲು ಸಿಕ್ಕವು. ಒಂದು ಕಾಲಕ್ಕೆ ಅಲ್ಲಿ ದಂತವೈದ್ಯರೊಬ್ಬರು ಇದ್ದರಂತೆ, ಕಿತ್ತದ್ದನ್ನು ಅಲ್ಲೇ ಎಸೆದಿದ್ದಾರೆ ಮಹಾನುಭಾವರು. ಸಿಡ್ನಿಯಲ್ಲಿ ಮೊದಲ ಗವರ್ನರ್ ಮನೆಯ ಅಡಿಪಾಯ 1983ರಲ್ಲಿ ಅಗೆತಕ್ಕೆ ಸಿಕ್ಕಿತು, ಈಗ ಅದರ ಮೇಲೆ ಮ್ಯೂಸಿಯಂ ಇದೆ, ಗಾಜಿನ ನೆಲದಲ್ಲಿ ಬಗ್ಗಿ ನೋಡಬಹುದು. ನೂರು ವರ್ಷದ ಹುಳುಕು ಹಲ್ಲು ಇತಿಹಾಸ, ಸಾವಿರಾರು ವರ್ಷದ ಚಕ್ಕೆ ರಗಳೆ. ಯಾಕೆ ಹೀಗೆ ಅನ್ನಿಸುತ್ತದೆ ಅಂತ ಒಮ್ಮೆ ಯೋಚಿಸಿ.

'ನಮ್ಮೂರಲ್ಲಿ' ಅಂದಿರಲ್ಲ, ಅದಕ್ಕೂ ಒಂದು ಮಾತು. ಇಲ್ಲಿ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಕ್ಕೆ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಇದೆ. ಪಟ್ಟಿಯಲ್ಲಿಲ್ಲದ ಹೊಲ, ಗುಡ್ಡ, ನವಶಿಲಾಯುಗದ ಬೂದಿದಿಬ್ಬಗಳನ್ನು ಸಾಮಾನ್ಯವಾಗಿ ಅಗೆಯುವ ಮೊದಲು ಯಾರೂ ಬಂದು ನೋಡಲ್ಲ. ಬಳ್ಳಾರಿ ಹತ್ತಿರ ಸಂಗನಕಲ್ಲು–ಕುಪ್ಗಲ್ ಗುಡ್ಡದಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ದನಗಳನ್ನು ಕೊರೆದಿದ್ದಾರೆ, ತಟ್ಟಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳೂ ಇವೆ. ಅದೇ ಗುಡ್ಡವನ್ನು ಜಲ್ಲಿಗಾಗಿ ಒಡೆದರು. ನಮ್ಮೂರಿನ ಕೆರೆಯಲ್ಲಿ ಹೂಳೆತ್ತಿದಾಗ ಜೆಸಿಬಿ ಬಕೆಟ್ಟಿಗೆ ಸಿಕ್ಕು ಒಂದು ವೀರಗಲ್ಲು ಎರಡು ತುಂಡಾಯಿತು. ಮೇಲಿನ ತುಂಡು ದೇವಸ್ಥಾನದ ಕಟ್ಟೆಗೆ ಒರಗಿದೆ. ಕೆಳಗಿನದು, ಬರಹ ಇದ್ದದ್ದು, ಟ್ರ್ಯಾಕ್ಟರಿನಲ್ಲಿ ಮಣ್ಣಿನ ಜೊತೆ ಹೋಯಿತು. ನೀವು ಹೇಳಿದ ಹಾಗೆ ರಸ್ತೆ ಮಾತ್ರ ಬೇಗ ಆಯಿತು, ಆ ಮಣ್ಣನ್ನೇ ಹಾಕಿ.

ಕೊನೆಗೆ ಎರಡು ವಿನಂತಿ. ನಿಮ್ಮ ಪತ್ರ ಓದಿದರೆ ಗುಂಡಿ ತೋಡುವ ದಿನ ನೀವು ಅಲ್ಲಿ ಇರಲಿಲ್ಲ ಅನ್ನಿಸುತ್ತದೆ. ಚಕ್ಕೆಗಳನ್ನು ಮತ್ತೆ ಹೂಳುವ ದಿನವಾದರೂ ಬರಬಹುದಾ ಅಂತ ಆ ಸಂಸ್ಥೆಯ ಹಿರಿಯರನ್ನು ಕೇಳಿ. ಬೇಡ ಅಂದರೆ ಬೇಡ. ಎರಡನೆಯದು, ಆ ಬಿಲ್ಲನ್ನು ನಮಗೆ ಕಳಿಸಿ, ಹೆಸರು ವಿಳಾಸ ಅಳಿಸಿ. ಯಾವ ಕೆಲಸಕ್ಕೆ ಎಷ್ಟಾಯಿತು ಅಂತ ಸಾಲು ಸಾಲಾಗಿ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಅದರಲ್ಲಿ ಹೆಚ್ಚಿಗೆ ಹಾಕಿದ್ದು ಕಂಡರೆ ಅದನ್ನೂ ಬರೆಯುತ್ತೇವೆ.

— ಸಂಪಾದಕ