ಇನ್ನೂ ತಯಾರಾಗದ ವಸ್ತುವನ್ನು ಮಾರಬಹುದೇ?

ಅರ್ಧ ಹಣ ಮುಂಗಡ ಪಡೆದು ಮಂಚ, ಬೀರು ಮಾಡಿಕೊಡುವುದು "ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ" ಎಂಬ ಹದೀಸ್‌ಗೆ (ಪ್ರವಾದಿ ವಚನಕ್ಕೆ) ವಿರುದ್ಧವೇ ಎಂದು ಕೇಳಿದ್ದೀರಿ. ನೀವೇ ತಯಾರಿಸಿ ಕೊಡುವುದಾದರೆ ವಿರುದ್ಧವಲ್ಲ. ಆದರೆ ಯಾವ ಒಪ್ಪಂದ ಮಾಡಿಕೊಳ್ಳುತ್ತಿದ್ದೀರಿ ಎಂಬುದು ನಿಮಗೂ ಗಿರಾಕಿಗೂ ಸ್ಪಷ್ಟವಿರಬೇಕು.

ಆ ಹದೀಸ್ ಪ್ರವಾದಿಯವರ ಸಂಗಾತಿ ಹಕೀಮ್ ಬಿನ್ ಹಿಝಾಮ್ ಅವರ ಪ್ರಶ್ನೆಗೆ ಬಂದ ಉತ್ತರ. ತನ್ನ ಬಳಿ ಇಲ್ಲದ ಸರಕನ್ನು ಮೊದಲು ಮಾರಿ, ಆಮೇಲೆ ಪೇಟೆಯಿಂದ ಕೊಂಡು ತಂದುಕೊಡಬಹುದೇ ಎಂದು ಅವರು ಕೇಳಿದ್ದರು. ಇದಕ್ಕೆ ಎರಡು ವಿನಾಯಿತಿಗಳಿವೆ.

ಮೊದಲನೆಯದು ಸಲಮ್, ಅಂದರೆ ಬೆಲೆಯನ್ನು ಮೊದಲೇ ಕೊಟ್ಟು ಸರಕನ್ನು ಆಮೇಲೆ ಪಡೆಯುವ ಒಪ್ಪಂದ. ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅಲ್ಲಿಯವರು ಎರಡು ಮೂರು ವರ್ಷ ಮುಂಚೆಯೇ ಹಣ್ಣಿಗೆ ಹಣ ಕೊಡುತ್ತಿದ್ದರು. ಅದನ್ನು ಪ್ರವಾದಿ ನಿಲ್ಲಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ಗೊತ್ತಿರಲಿ ಎಂದರು. ಧಾನ್ಯ, ಎಣ್ಣೆ, ಹತ್ತಿಯಂಥ ಒಂದರಂತೆ ಇನ್ನೊಂದು ಇರುವ ಸರಕಿಗೆ ಇದು ಸರಿ. ಪೂರ್ತಿ ಬೆಲೆ ಒಪ್ಪಂದದ ಹೊತ್ತಿನಲ್ಲೇ ಕೈಸೇರಬೇಕು. ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂಬ ನಾಲ್ಕು ಮದ್‌ಹಬ್‌ಗಳಲ್ಲಿ (ಧರ್ಮಶಾಸ್ತ್ರದ ಪಂಥಗಳಲ್ಲಿ) ಮಾಲಿಕಿಗಳು ಮಾತ್ರ ಮೂರು ದಿನ ತಡವನ್ನು ಒಪ್ಪುತ್ತಾರೆ. ಬೆಲೆಯೂ ಬಾಕಿ, ಸರಕೂ ಬಾಕಿ ಆದರೆ ಸಾಲಕ್ಕೆ ಸಾಲ ಮಾರಿದಂತೆ, ಅದು ನಿಷಿದ್ಧ. ಇಂಥದ್ದೇ ಹೊಲದ ಬೆಳೆ ಎಂದೂ ಗೊತ್ತುಮಾಡಬಾರದು. ಆ ಹೊಲ ಒಣಗಿದರೆ ಕೊಡಲು ಏನೂ ಉಳಿಯುವುದಿಲ್ಲ. ಕೊಂಡವನು ಸರಕು ಕೈಗೆ ಬರುವ ಮುನ್ನ ಅದನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ.

ನಿಮ್ಮ ಕೆಲಸಕ್ಕೆ ಹೊಂದುವುದು ಎರಡನೆಯದು, ಇಸ್ತಿಸ್ನಾ, ಅಂದರೆ ಹೇಳಿದಂತೆ ವಸ್ತು ತಯಾರಿಸಿ ಕೊಡುವ ಒಪ್ಪಂದ. ಹನಫಿಗಳು ಜನರ ರೂಢಿ ಮತ್ತು ಅಗತ್ಯ ನೋಡಿ ಇದನ್ನು ಸ್ವತಂತ್ರ ಒಪ್ಪಂದವಾಗಿ ಒಪ್ಪಿದರು. ಉಳಿದ ಮೂರು ಮದ್‌ಹಬ್‌ಗಳು ಸಾಮಾನ್ಯವಾಗಿ ಇದಕ್ಕೂ ಸಲಮ್‌ನ ಷರತ್ತುಗಳನ್ನೇ ಹಾಕುತ್ತವೆ. ನೀವು ಶಾಫಿ ಆಗಿದ್ದರೆ ಅರ್ಧ ಮುಂಗಡದ ತೊಡಕು ಇಲ್ಲೇ ಇರುವುದು. 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ, ಷರತ್ತುಗಳು ಪೂರೈಸಿದ್ದರೆ ಇಸ್ತಿಸ್ನಾ ಇಬ್ಬರಿಗೂ ಬದ್ಧ, ಬೆಲೆಯನ್ನು ಕಂತಿನಲ್ಲೂ ಕೊಡಬಹುದು, ಕೊನೆಗೂ ಕೊಡಬಹುದು ಎಂದು ನಿರ್ಣಯಿಸಿತು. ಇಂದಿನ ವ್ಯವಹಾರಕ್ಕೆ ಈ ನಿರ್ಣಯವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಚೀಟಿಯಲ್ಲಿ "ಒಳ್ಳೆಯ ಮರದ ಮಂಚ" ಎಂದಷ್ಟೇ ಬರೆದು ಬಿಡಬೇಡಿ. ಮರದ ಜಾತಿ, ಹಲಗೆಯ ದಪ್ಪ, ಉದ್ದ ಅಗಲ, ಪಾಲಿಶ್, ಒಟ್ಟು ಬೆಲೆ, ಕಂತುಗಳು, ಕೊಡುವ ತಾರೀಖು ಎಲ್ಲವೂ ಇರಲಿ. ಜಗಳ ಹುಟ್ಟುವುದು ಹೆಚ್ಚಾಗಿ ಬರೆಯದೆ ಬಿಟ್ಟ ವಿವರದಿಂದಲೇ. ಮಾಡಿದ್ದು ಬರೆದದ್ದಕ್ಕೆ ಹೊಂದದಿದ್ದರೆ ಅದನ್ನು ತಿರಸ್ಕರಿಸುವ ಹಕ್ಕು ಗಿರಾಕಿಗಿದೆ.

ಮರ ನಿಮ್ಮದೇ ಆಗಿರಬೇಕು. ಗಿರಾಕಿಯೇ ಮರ ತಂದುಕೊಟ್ಟರೆ ಅದು ಮಾರಾಟವಲ್ಲ, ಕೂಲಿಯ ಒಪ್ಪಂದ (ಇಜಾರಾ). ಆಗ ನಿಯಮಗಳೂ ಬೇರೆ.

ಇನ್ನು ದಂಡದ ವಿಷಯ, ಇಲ್ಲಿ ಬಹಳ ಮಂದಿ ಎಡವುತ್ತಾರೆ. ನೀವು ತಡಮಾಡಿದರೆ ಇಷ್ಟು ಕಡಿತ ಎಂಬ ಷರತ್ತನ್ನು ಅಕಾಡೆಮಿ ಒಪ್ಪಿದೆ, ಕೈಮೀರಿದ ಕಾರಣಗಳಿದ್ದರೆ ಮಾತ್ರ ಅದು ಅನ್ವಯಿಸದು. ಆದರೆ ಗಿರಾಕಿ ಕಂತು ತಡಮಾಡಿದನೆಂದು ನೀವು ಹೆಚ್ಚು ಹಣ ಪಡೆದರೆ ಅದು ಬಡ್ಡಿಯೇ, ಏಕೆಂದರೆ ಅವನು ಉಳಿಸಿಕೊಂಡಿರುವುದು ಸಾಲ.