ಫೈಟರ್ ಮೀನಿನ ಮರಿಗಳು ದಿನಾ ಸಾಯುತ್ತಿವೆ, ಏನು ತಿನ್ನಿಸಬೇಕು?

ಮೊಟ್ಟೆ ಒಡೆದು ಆರು ದಿನ ಆಯ್ತು, ಬೇಯಿಸಿದ ಮೊಟ್ಟೆಯ ಹಳದಿ ಕೊಡುತ್ತಿದ್ದೀರಿ, ನೀರು ಬೆಳ್ಳಗಾಗಿದೆ, ದಿನಾ ಮರಿಗಳು ಕಡಿಮೆಯಾಗುತ್ತಿವೆ ಎಂದು ಬರೆದಿದ್ದೀರಿ. ದಾವಣಗೆರೆಯವರು ಎಂದೂ ಹೇಳಿದ್ದೀರಿ. ನಾನೂ ಇದೇ ಊರಿನವನು, ಮನೆಯಲ್ಲಿ ಫೈಟರ್ ಮರಿ ಮಾಡಿಸುತ್ತೇನೆ. ಹಾಗಾಗಿ ನಮ್ಮೂರಿನ ನೀರು, ಬಿಸಿಲು, ಕರೆಂಟು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಹೇಳುತ್ತೇನೆ.

ನಿಮ್ಮ ಮರಿಗಳಿಗೆ ಬಹುಶಃ ರೋಗ ಏನೂ ಇಲ್ಲ. ಅರ್ಧ ಹಸಿವಿನಿಂದ, ಅರ್ಧ ಕೆಟ್ಟ ನೀರಿನಿಂದ ಸಾಯುತ್ತಿವೆ. ಎರಡಕ್ಕೂ ಕಾರಣ ಆ ಹಳದಿಯೇ.

ಕೆರೆ ದಂಡೆಯಲ್ಲಿ ನಿಂತು ಮೀನಿಗೆ ಮಂಡಕ್ಕಿ ಎಸೆದು ಬೆಳೆದವರು ನಾವು. ಪುಡಿ ಮಾಡಿ ಹಾಕಿದರೆ ಮರಿಯೂ ತಿನ್ನುತ್ತೆ ಅಂದುಕೊಳ್ಳುತ್ತೇವೆ. ಫೈಟರ್ ಮರಿ ಹಾಗಲ್ಲ. ಹುಟ್ಟಿದಾಗ ಅದರ ಉದ್ದ ಎರಡು–ಮೂರು ಮಿಲಿಮೀಟರ್, ಅಷ್ಟೇ. ಕಣ್ಣೆದುರು ಅಲ್ಲಾಡುವುದನ್ನು ಮಾತ್ರ ಅದು ಬೇಟೆಯಾಡುತ್ತದೆ. ಹಳದಿ ಅಲ್ಲಾಡುವುದಿಲ್ಲ, ತಳಕ್ಕೆ ಹೋಗಿ ಕೊಳೆಯುತ್ತದೆ. ಕೊಳೆತರೆ ಅಮೋನಿಯಾ. ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಜಾಸ್ತಿ ವಿಷ. ನೀವು ಬೋರ್ ನೀರು ಹಾಕಿದ್ದರೆ ಇದನ್ನು ಗಮನಿಸಿ.

ಮೊದಲು ಇವತ್ತೇ ಮಾಡಬೇಕಾದ್ದು. ಹಳದಿ ನಿಲ್ಲಿಸಿ. ಏರ್ ಪಂಪಿನ ಸಣ್ಣ ಪೈಪ್ ತೆಗೆದುಕೊಂಡು ತಳದ ಕೊಳೆಯನ್ನು ನಿಧಾನವಾಗಿ ಒಂದು ಬಿಳಿ ಬಕೆಟ್ಟಿಗೆ ಎಳೆಯಿರಿ. ಬಿಳಿ ಯಾಕೆಂದರೆ, ಜೊತೆಗೆ ಬಂದ ಮರಿಗಳು ಕಾಣುತ್ತವೆ, ಚಮಚದಲ್ಲಿ ವಾಪಸ್ ಬಿಡಬಹುದು. ತೆಗೆದಷ್ಟೇ ನೀರನ್ನು ಅದೇ ಪೈಪಿನಲ್ಲಿ ಹನಿಹನಿಯಾಗಿ ತುಂಬಿಸಿ. ಚೊಂಬಿನಲ್ಲಿ ಸುರಿಯಬೇಡಿ. ಒಂದೇ ಸಲ ಪೂರ್ತಿ ನೀರು ಬದಲಿಸುವುದೂ ಬೇಡ. ಇವತ್ತು ಐದನೇ ಒಂದು ಭಾಗ, ನಾಳೆ ಮತ್ತಷ್ಟು.

ಹೊಸ ನೀರು ಯಾವುದು? ನಲ್ಲಿ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುವುದು ನಮ್ಮಲ್ಲಿ ಹೇಗೂ ಅಭ್ಯಾಸ. ಮುಚ್ಚಳ ತೆಗೆದು ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ. ನೆಲದಡಿಯ ಸಂಪ್ ಟ್ಯಾಂಕಿಗೆ ಈಚೆಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಮಾತ್ರ ಆ ನೀರು ಮುಟ್ಟಬೇಡಿ. ಬೋರ್ ನೀರಿನಲ್ಲೂ ಫೈಟರ್ ಬದುಕುತ್ತದೆ. ಆದರೆ ಇವತ್ತು ಬೋರ್, ನಾಳೆ ನಲ್ಲಿ ಎಂದು ಬದಲಾಯಿಸುತ್ತಿದ್ದರೆ ಮರಿ ತಡೆಯುವುದಿಲ್ಲ.

ಈಗ ಊಟದ ವಿಷಯ. ಮೊಟ್ಟೆ ಒಡೆದ ಮೇಲೆ ಎರಡು–ಮೂರು ದಿನ ಮರಿಗಳು ಬಾಲ ಕೆಳಗೆ ಮಾಡಿ ನೇತಾಡುತ್ತವೆ. ಆಗ ಹೊಟ್ಟೆಯಲ್ಲಿರುವ ಹಳದಿ ಚೀಲವೇ ಅವುಗಳ ಊಟ, ನಾವು ಏನೂ ಹಾಕಬಾರದು. ಅಡ್ಡಲಾಗಿ ಈಜಲು ಶುರು ಮಾಡಿದ ದಿನದಿಂದ ಜೀವಂತ ಆಹಾರ ಬೇಕು. ನಿಮ್ಮವು ಆ ಹಂತ ದಾಟಿವೆ. ಗಂಡು ಮೀನು ಇನ್ನೂ ಅಲ್ಲೇ ಇದ್ದರೆ ತೆಗೆದುಬಿಡಿ, ಮೊಟ್ಟೆ–ಮರಿ ಕಾಯುವ ಅದರ ಕೆಲಸ ಮುಗಿಯಿತು.

ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳಿಗೆ ಇನ್ಫ್ಯುಸೋರಿಯಾ ಅನ್ನುತ್ತಾರೆ. ಮನೆಯಲ್ಲೇ ಮಾಡಬಹುದು. ಒಂದು ಬಾಟಲಿ ಹಳೇ ಅಕ್ವೇರಿಯಂ ನೀರಿಗೆ ಒಂದು ತುಂಡು ಎಲೆಕೋಸು ಅಥವಾ ಬಾಳೆಹಣ್ಣಿನ ಸಿಪ್ಪೆ ಹಾಕಿ ಬೆಳಕಿರುವ ಕಿಟಕಿಯಲ್ಲಿಡಿ. ಮೊದಲು ನೀರು ಮಬ್ಬಾಗಿ ವಾಸನೆ ಬರುತ್ತದೆ. ಆಗ ಹಾಕಬೇಡಿ, ಅದು ಬರೀ ಬ್ಯಾಕ್ಟೀರಿಯಾ. ನಾಲ್ಕೈದು ದಿನಕ್ಕೆ ನೀರು ತಿಳಿಯಾಗುತ್ತದೆ. ಬೆಳಕಿಗೆ ಹಿಡಿದರೆ ಬಿಳಿ ಚುಕ್ಕಿಗಳು ಓಡಾಡುವುದು ಕಾಣುತ್ತದೆ. ಅದು ಊಟ.

ನಿಮ್ಮ ಹತ್ತಿರ ಅಷ್ಟು ದಿನ ಇಲ್ಲ, ಅಲ್ವಾ? ಹಾಗಾದರೆ ಹಳೇ ಅಕ್ವೇರಿಯಂ ಇರುವ ಗೆಳೆಯರನ್ನು ಹಿಡಿಯಿರಿ. ಅವರ ಸ್ಪಂಜ್ ಫಿಲ್ಟರ್ ಹಿಂಡಿದ ನೀರು ಒಂದಿಷ್ಟು, ಒಂದು ಹಿಡಿ ಜಾವಾ ಮಾಸ್ (ಅಕ್ವೇರಿಯಂನಲ್ಲಿ ಬೆಳೆಸುವ ಪಾಚಿಯಂಥ ಗಿಡ) ಕೇಳಿ ತನ್ನಿ. ಎರಡರಲ್ಲೂ ಈ ಸಣ್ಣ ಜೀವಿಗಳು ಇರುತ್ತವೆ. ಮೀನು ಕಾಯಿಲೆ ಬಿದ್ದಿರುವ ಟ್ಯಾಂಕಿನದು ಬೇಡ. ಕುಂದವಾಡ ಕೆರೆಗೆ ಹೋಗಿ ಒಂದು ಕೊಡ ನೀರು ತರೋಣ ಅನ್ನಿಸಬಹುದು. ಬೇಡವೇ ಬೇಡ. ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಹುಳು ಬಂದರೆ ಒಂದೊಂದಾಗಿ ಮರಿಗಳನ್ನು ತಿಂದು ಮುಗಿಸುತ್ತದೆ.

ಮುಂದಿನ ವಾರಕ್ಕೆ ಆರ್ಟೀಮಿಯಾ, ಅಂದರೆ ಉಪ್ಪು ನೀರಿನ ಸಣ್ಣ ಸೀಗಡಿಯಂಥ ಜೀವಿ, ತಯಾರು ಮಾಡಿಕೊಳ್ಳಿ. ಅಕ್ವೇರಿಯಂ ಅಂಗಡಿಯಲ್ಲಿ ಇದರ ಒಣ ಮೊಟ್ಟೆ ಕೇಳಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಇದಕ್ಕೆ ಸಮನಾದ ಊಟ ನಾನು ಕಂಡಿಲ್ಲ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ಮೊಟ್ಟೆ, ಜೋರಾಗಿ ಗಾಳಿ, ಮೇಲೊಂದು ಬಲ್ಬು. 28 ಡಿಗ್ರಿ ಇದ್ದರೆ ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಗುಂಪಾಗುತ್ತವೆ. ಪೈಪಿನಲ್ಲಿ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು ತೊಳೆದು ಕೊಡಿ. ತಡ ಮಾಡಬೇಡಿ, ಹೊತ್ತು ಹೋದಂತೆ ಅವುಗಳ ಸತ್ವ ಕಡಿಮೆಯಾಗುತ್ತದೆ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿವೆ ಎಂದು ಅರ್ಥ. ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ದುಬಾರಿ ಅನ್ನಿಸಿದರೆ ಓಟ್ಸ್ ಗಂಜಿಯ ಮೇಲೆ ಬೇಕರಿ ಈಸ್ಟ್ ಉದುರಿಸಿ ಮೈಕ್ರೋವರ್ಮ್ ಎಂಬ ಸಣ್ಣ ಹುಳು ಬೆಳೆಸಬಹುದು. ಯಾರ ಹತ್ತಿರವಾದರೂ ಒಂದು ಚಮಚ ಹೆಪ್ಪು ಸಿಕ್ಕರೆ ಸಾಕು.

ಪವರ್ ಫಿಲ್ಟರ್ ಇದ್ದರೆ ಆಫ್ ಮಾಡಿ, ಮರಿಗಳನ್ನು ಎಳೆದುಕೊಳ್ಳುತ್ತದೆ. ಸ್ಪಂಜ್ ಫಿಲ್ಟರ್ ಸಾಕು, ಗುಳ್ಳೆ ಮೆಲ್ಲಗೆ ಬರಲಿ. ನೀರು 26ರಿಂದ 28 ಡಿಗ್ರಿ ಇರಲಿ. ಬೇಸಿಗೆಯಲ್ಲಿ ತಗಡಿನ ಶೀಟಿನ ಕೆಳಗೆ ಟ್ಯಾಂಕ್ ಇಡಬೇಡಿ. ಡಿಸೆಂಬರ್ ರಾತ್ರಿಗೆ ಹೀಟರ್ ಬೇಕೇ ಬೇಕು. ಕರೆಂಟ್ ಹೋದರೆ ಗಾಬರಿ ಬೇಡ. ಟ್ಯಾಂಕಿನ ಸುತ್ತ ಕಂಬಳಿ ಸುತ್ತಿ.

ಒಂದು ಮಾತು ತುಂಬಾ ಜನ ಹೇಳುವುದಿಲ್ಲ. ಮೂರು–ನಾಲ್ಕು ವಾರಕ್ಕೆ ಮರಿಗಳು ಮೇಲೆ ಬಂದು ಗಾಳಿ ನುಂಗಲು ಕಲಿಯುತ್ತವೆ. ಆಗ ಮೇಲಿನ ಗಾಳಿ ತಣ್ಣಗಿದ್ದರೆ, ನೀರಿನ ಮೇಲೆ ಎಣ್ಣೆಯ ಪದರ ಕಟ್ಟಿದ್ದರೆ ಚೆನ್ನಾಗಿದ್ದ ಮರಿಗಳೂ ಸಾಯುತ್ತವೆ. ಟ್ಯಾಂಕಿಗೆ ಮುಚ್ಚಳ ಇರಲಿ. ಪದರ ಕಂಡರೆ ಟಿಶ್ಯೂ ಪೇಪರ್ ಹಾಸಿ ಎತ್ತಿ.

ಎಲ್ಲವನ್ನೂ ಉಳಿಸಲು ಹೋಗಬೇಡಿ ಕೂಡ. ಎರಡು–ಮೂರು ತಿಂಗಳಿಗೆ ಗಂಡುಗಳು ಜಗಳ ಶುರು ಮಾಡುತ್ತವೆ, ಒಂದೊಂದಕ್ಕೂ ಬೇರೆ ಬಾಟಲಿ ಬೇಕು, ಪ್ರತಿ ಬಾಟಲಿಯ ನೀರನ್ನೂ ಬದಲಿಸಬೇಕು. ಇಪ್ಪತ್ತು ಉಳಿದರೂ ನಿಮ್ಮ ಅಡುಗೆಮನೆ ಕಟ್ಟೆ ತುಂಬುತ್ತದೆ. ತೆಗೆದುಕೊಳ್ಳುತ್ತಾರಾ ಎಂದು ಅಂಗಡಿಯವರನ್ನು ಈಗಲೇ ಕೇಳಿಟ್ಟುಕೊಳ್ಳಿ.